ಎರಡು ದಿನ ಕಳೆದ ಮೇಲಿನ ಮಾತು

ಸಿನಿಮಾ ನೋಡಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ನಮ್ಮ ಬೀದಿಯ ಮಟ್ಟಿಗೆ ಹೇಳುವುದಾದರೆ ನಾಲ್ಕೇ ನಾಲ್ಕು ಉತ್ತರ ಸಿಗುತ್ತವೆ. ಒಂದು, ‘ಚೆನ್ನಾಗಿದೆ’. ಎರಡು, ‘ಪರವಾಗಿಲ್ಲ, ಒಂದ್ಸಲ ನೋಡಬಹುದು’. ಮೂರು, ‘ಏನಿಲ್ಲ ಅದರಲ್ಲಿ’. ನಾಲ್ಕನೆಯದು, ‘ಅಯ್ಯೋ, ಅತ್ತೂ ಅತ್ತೂ ಸಾಕಾಯ್ತು ಮಾರಾಯ್ತಿ!’

ಈ ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡ ಬಿರುದು. ಪತ್ರಿಕೆಯವರು ನಕ್ಷತ್ರ ಕೊಟ್ಟರೆ ನಮ್ಮ ಬೀದಿಯವರು ಕರ್ಚೀಫಿನ ಲೆಕ್ಕ ಕೊಡುತ್ತಾರೆ. 1994ರಲ್ಲಿ ‘ಹಾಲುಂಡ ತವರು’ ಬಂದಾಗ ಮ್ಯಾಟ್ನಿ ಮುಗಿಸಿ ಬಂದ ಹೆಂಗಸರ ಕಣ್ಣು, ಮೂಗು ನೋಡಿಯೇ ಸಿನಿಮಾ ಗೆದ್ದಿತೋ ಸೋತಿತೋ ಹೇಳಬಹುದಿತ್ತು. ಹಾಗೆ ಅತ್ತು ಬಂದವರು ಮನೆಗೆ ಬಂದ ಕೂಡಲೇ ಸೀರೆ ಬದಲಾಯಿಸಿ, ‘ಅನ್ನಕ್ಕಿಟ್ಟೆಯೇನೇ?’ ಎಂದು ಕೇಳುತ್ತ ಒಳಗೆ ಹೋಗುತ್ತಿದ್ದರು. ಅಲ್ಲಿಗೆ ಆ ಸಿನಿಮಾದ ಕಥೆ ಮುಗಿಯಿತು ಎಂದು ನಾನು ತಿಳಿದಿದ್ದೆ.

ಹಾಗೆ ತಿಳಿದದ್ದು ತಪ್ಪು ಎಂದು ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಈ ನಾಲ್ಕು ಉತ್ತರಗಳು ಅಭಿಪ್ರಾಯಗಳೇ ಅಲ್ಲ. ಎದುರು ಸಿಕ್ಕವರು ‘ಊಟ ಆಯ್ತಾ?’ ಎಂದರೆ ಆಗದಿದ್ದರೂ ‘ಆಯ್ತು’ ಎನ್ನುತ್ತೇವಲ್ಲ, ಆ ಜಾತಿಯ ಮಾತುಗಳಿವು. ನಿಜವಾದ ಅಭಿಪ್ರಾಯ ಬರುವುದು ಎರಡು ಮೂರು ದಿನ ಕಳೆದ ಮೇಲೆ. ಅದೂ ಕೇಳಿದರೆ ಬರುವುದಿಲ್ಲ. ತೊಗರಿಬೇಳೆ ಆರಿಸುವಾಗ, ಹೂ ಕಟ್ಟುವಾಗ, ಬಸ್ಸಿಗೆ ಕಾಯುವಾಗ ತಾನಾಗಿ ಬರುತ್ತದೆ. ‘ಅಲ್ಲ ಕಣೇ, ಮೊನ್ನೆ ನೋಡಿದ್ವಲ್ಲ...’ ಎಂದು ಅದು ಶುರುವಾಗುತ್ತದೆ. ಇಂಥ ಮಾತಿನ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಒಂದು ಉದಾಹರಣೆ ಕೊಡುತ್ತೇನೆ. 2021ರಲ್ಲಿ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಎಂಬ ಮಲಯಾಳಂ ಸಿನಿಮಾ ಬಂತು. ಜಿಯೋ ಬೇಬಿ ಎನ್ನುವವರು ನಿರ್ದೇಶಿಸಿದ್ದು. ಬಂದ ಕೆಲವು ತಿಂಗಳಿಗೆ ಮಗಳು ಅದನ್ನು ಮನೆಯ ಟಿವಿಯಲ್ಲಿ ಹಾಕಿಕೊಟ್ಟಳು. ಅಕ್ಕಪಕ್ಕದವರೂ ಬಂದರು, ಎಲ್ಲ ಸೇರಿ ಐದಾರು ಹೆಂಗಸರು. ನಮಗೆ ಯಾರಿಗೂ ಮಲಯಾಳಂ ಬಾರದು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದುವ ವೇಗ ಇಬ್ಬರಿಗೆ ಮಾತ್ರ ಇತ್ತು. ಆದರೂ ಯಾರೂ ‘ಅರ್ಥವಾಗಲಿಲ್ಲ’ ಎನ್ನಲಿಲ್ಲ. ಆ ಸಿನಿಮಾದಲ್ಲಿ ಮಾತು ಕಡಿಮೆ, ಹಿನ್ನೆಲೆ ಸಂಗೀತ ಇಲ್ಲವೆಂದೇ ಹೇಳಬೇಕು. ಇರುವುದು ಹೆಚ್ಚು, ತುರಿ, ರುಬ್ಬು, ತೊಳೆ, ಒರೆಸು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಮೇಷ್ಟ್ರಾದ ಗಂಡ, ದನಿ ಏರಿಸದ ಮಾವ. ಮಾವನಿಗೆ ಕುಕ್ಕರಿನ ಅನ್ನ ಆಗದು, ಸೌದೆ ಒಲೆಯಲ್ಲೇ ಬೇಯಬೇಕು. ಬಟ್ಟೆ ಮಿಷನ್ನಿಗೆ ಹಾಕಬಾರದು. ಇದನ್ನೆಲ್ಲ ಆತ ಬೈದು ಹೇಳುವುದಿಲ್ಲ, ಮೆಲ್ಲಗೆ ‘ಮಗಳೇ’ ಎನ್ನುತ್ತಲೇ ಹೇಳುತ್ತಾನೆ. ಅಡಿಗೆಮನೆಯ ಸಿಂಕಿನ ಕೆಳಗೆ ಪೈಪು ಸೋರುತ್ತದೆ. ಪ್ಲಂಬರನ್ನು ಕರೆಸಿ ಎಂದು ಅವಳು ಹೇಳುತ್ತಾಳೆ, ಗಂಡ ಮರೆಯುತ್ತಾನೆ. ಮತ್ತೆ ಹೇಳುತ್ತಾಳೆ, ಮತ್ತೆ ಮರೆಯುತ್ತಾನೆ. ಕೊನೆಗೆ ಅದೇ ಕೊಳಕು ನೀರನ್ನು ಇಬ್ಬರ ಮೇಲೂ ಎರಚಿ ಅವಳು ಹೊರಟುಹೋಗುತ್ತಾಳೆ.

ಮುಗಿದ ಕೂಡಲೇ ಬಂದ ಅಭಿಪ್ರಾಯಗಳು ಇವು. ಪಕ್ಕದ ಮನೆಯ ಅಜ್ಜಿ: ‘ಇದೇನೇ ಇದು, ನಮ್ಮನೆ ಕೆಲಸಾನೇ ತೋರಿಸ್ತಾರೆ. ಇದನ್ನ ನೋಡಕ್ಕೆ ಸಿನಿಮಾ ಬೇರೆ ಬೇಕಾ?’ ಮೂಲೆಮನೆಯ ಟೀಚರ್: ‘ಒಂದು ಹಾಡಾದರೂ ಬೇಡವಾ?’ ಎದುರು ಮನೆಯ ಸಾವಿತ್ರಿಯಂಥ ಗೃಹಿಣಿಯೊಬ್ಬರು, ಅವರ ಹೆಸರು ಬೇಡ: ‘ಎಲ್ಲ ಸರಿ, ಆದ್ರೆ ಗಂಡ ಮಾವನ ಮೇಲೆ ಹಾಗೆ ಎಂಜಲು ನೀರು ಎರಚೋದು ಅತಿಯಾಯ್ತು. ಸ್ವಲ್ಪ ಹೊಂದಿಕೊಂಡು ಹೋಗಬೇಕಪ್ಪ.’ ಅವರ ಸೊಸೆ ಅಲ್ಲೇ ಇದ್ದಳು. ಅವಳು ಏನೂ ಹೇಳಲಿಲ್ಲ, ಎದ್ದು ಎಲ್ಲರ ಕಾಫಿ ಲೋಟ ಒಟ್ಟುಮಾಡಿದಳು. ಸಿನಿಮಾ ಇನ್ನೂ ಮುಗಿದೇ ಇಲ್ಲವೇನೋ ಅನ್ನಿಸಿತು ನನಗೆ.

ಮೂರನೆಯ ದಿನ ಬೆಳಿಗ್ಗೆ ಅದೇ ಎದುರು ಮನೆಯವರು ಹೆಪ್ಪಿಗೆ ಮೊಸರು ಕೇಳಲು ಬಂದರು. ಬಟ್ಟಲು ಕೈಯಲ್ಲಿ ಹಿಡಿದು ನಿಂತವರು ಹೊರಡಲಿಲ್ಲ. ‘ಅಲ್ಲ ಕಣ್ರೀ, ಒಂದು ಪೈಪು. ಪ್ಲಂಬರ್ ಬಂದಿದ್ರೆ ಎಷ್ಟು ತಗೋತಿದ್ದ? ಐನೂರು ತಗೋತಿದ್ನಾ? ಕೊಡಕ್ಕೆ ದುಡ್ಡಿಲ್ಲದ ಮನೆ ಅಲ್ಲ ಅದು. ಆದ್ರೂ ಮರೆತುಹೋಯ್ತು, ಮರೆತುಹೋಯ್ತು. ನಮ್ಮ ಯಜಮಾನರದೂ ಅದೇ ಮಾತು. ಬಚ್ಚಲಮನೆ ಬಲ್ಬು ಹೋಗಿ ತಿಂಗಳಾಯ್ತು, ಕತ್ತಲಲ್ಲೇ ಮೀತಾ ಇದೀನಿ.’

ನೋಡಿ, ಆ ಸಿನಿಮಾದ ಬಗ್ಗೆ ನಾನು ಎಷ್ಟೋ ಬರಹ ಓದಿದ್ದೇನೆ. ಪಿತೃಪ್ರಧಾನ ವ್ಯವಸ್ಥೆ, ಶ್ರಮದ ವಿಭಜನೆ ಎಂದೆಲ್ಲ ಚೆನ್ನಾಗಿಯೇ ಬರೆದಿದ್ದರು. ಆದರೆ ‘ಎಷ್ಟು ತಗೋತಿದ್ದ?’ ಎಂಬ ಪ್ರಶ್ನೆ ನನಗೆ ಅವುಗಳಲ್ಲಿ ಸಿಕ್ಕಿರಲಿಲ್ಲ. ಇಡೀ ಚಿತ್ರ ನಿಂತಿರುವುದು ಆ ಪ್ರಶ್ನೆಯ ಮೇಲೆ. ಬಡತನದಿಂದಲೋ ಕ್ರೌರ್ಯದಿಂದಲೋ ಆ ಪೈಪು ಸೋರಿದ್ದಲ್ಲ. ಅದು ಸೋರುತ್ತಿರುವುದು ಗಂಡಸರ ಕಾಲಿಗೆ ತಾಗಲಿಲ್ಲ, ಆದ್ದರಿಂದ ನೆನಪಿನಲ್ಲಿ ಉಳಿಯಲಿಲ್ಲ. ಮನೆ ಖರ್ಚಿನ ಚೀಟಿ ಬರೆದು ಅಭ್ಯಾಸವಿರುವ ಹೆಂಗಸು ಅದನ್ನು ಒಂದೇ ಲೆಕ್ಕದಲ್ಲಿ ಹಿಡಿದುಹಾಕಿದರು.

ಹಾಗಂತ ನಾನು ನಮ್ಮ ಬೀದಿಯ ಹೆಂಗಸರೆಲ್ಲ ದೊಡ್ಡ ವಿಮರ್ಶಕರು ಎಂದು ಹೊಗಳಲು ಹೊರಟಿಲ್ಲ. ಬಲ್ಬಿನ ಮಾತಾಡಿದವರು ‘ನೀರು ಎರಚಿದ್ದು ಸರಿ’ ಎಂದು ಅವತ್ತೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಮನೆಗೆ ಹೋಗಿ ಸೊಸೆಯ ಕೈಯಿಂದ ಲೋಟ ಇಸಿದುಕೊಂಡರು ಎಂದೂ ನಾನು ಕೇಳಿಲ್ಲ. ನಾವು ಹೆಂಗಸರು ಸಿನಿಮಾ ನೋಡುವಾಗ ಕೈಯಲ್ಲಿ ಒಂದು ತಕ್ಕಡಿ ಹಿಡಿದೇ ಕೂತಿರುತ್ತೇವೆ. ಆ ತಕ್ಕಡಿಯಲ್ಲಿ ಗಂಡಸಿನ ತಪ್ಪು ಹಗುರ, ಹೆಂಗಸಿನ ತಪ್ಪು ಭಾರ. ನಾಯಕ ಕುಡಿದು ಬಂದರೆ ‘ಪಾಪ, ಏನು ಕಷ್ಟವೋ’. ನಾಯಕಿ ಎದುರು ಮಾತಾಡಿದರೆ ‘ಇವಳಿಗೇನು ಬಂದಿತ್ತು ರೋಗ’. ಕೂತ ಜಾಗವೂ ಅಭಿಪ್ರಾಯವನ್ನು ಬದಲಿಸುತ್ತದೆ. ಅತ್ತೆಯ ಪಕ್ಕ ಕೂತು ನೋಡಿದ ಸಿನಿಮಾಕ್ಕೆ ಒಂದು ಅಭಿಪ್ರಾಯ, ಅದೇ ಸಿನಿಮಾವನ್ನು ಅಕ್ಕನ ಜೊತೆ ನೋಡಿದರೆ ಇನ್ನೊಂದು. ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನೋಡಿಕೊಂಡು ನಾವು ಬಾಯಿ ಬಿಡುತ್ತೇವೆ. ಅದಕ್ಕೇ ಮೊದಲ ದಿನದ ಮಾತನ್ನು ನಂಬಬಾರದು ಎನ್ನುವುದು.

ಹೀಗೆ ಕೂಡಿ ಕೂತು ನೋಡುವ ಹೆಂಗಸರ ಮೇಲೆಯೇ ಒಂದು ಕನ್ನಡ ಸಿನಿಮಾ ಇದೆ. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 2008ರಲ್ಲಿ ಮಾಡಿದ ‘ಗುಲಾಬಿ ಟಾಕೀಸ್’. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಬಣ್ಣದ ಟಿವಿ, ಡಿಶ್ಶು ಬರುತ್ತದೆ. ಅಕ್ಕಪಕ್ಕದ ಹೆಂಗಸರೆಲ್ಲ ಅವಳ ಗುಡಿಸಿಲಿನಲ್ಲಿ ಸೇರಿ ನೋಡುತ್ತಾರೆ, ನಗುತ್ತಾರೆ, ಮಾತಾಡುತ್ತಾರೆ. ಗುಲಾಬಿ ಮುಸ್ಲಿಂ ಹೆಂಗಸು. ಕಾರ್ಗಿಲ್ ಯುದ್ಧದ ಕಾಲ ಬರುತ್ತದೆ, ಊರಿನ ಗಾಳಿ ಬದಲಾಗುತ್ತದೆ, ಕೊನೆಗೆ ಅವಳನ್ನು ದೋಣಿ ಹತ್ತಿಸಿ ಕಳಿಸಿಬಿಡುತ್ತಾರೆ. ಒಂದೇ ಟಿವಿಯ ಮುಂದೆ ಒಟ್ಟಿಗೆ ಕೂತು ನೋಡಿದ ಸಂಬಂಧ ಅವಳನ್ನು ಉಳಿಸಿಕೊಳ್ಳಲು ಸಾಕಾಗುವುದಿಲ್ಲ. ಆ ಸಿನಿಮಾ ನೋಡಿದಾಗ ನನಗೆ ಬಂದ ಸಂಕಟ ಗುಲಾಬಿಯೊಬ್ಬಳಿಗಾಗಿ ಅಲ್ಲ. ಒಟ್ಟಿಗೆ ಕೂತು ಅತ್ತು, ಎದ್ದು ಬಂದು ಬೇರೆಯೇ ರೀತಿ ನಡೆದುಕೊಂಡ ಇನ್ನೊಂದು ಮಧ್ಯಾಹ್ನ ನೆನಪಾಯಿತು. ಅದನ್ನು ಹೇಳದೆ ಈ ಲೇಖನ ಮುಗಿಸಿದರೆ ನಾನೂ ‘ಚೆನ್ನಾಗಿದೆ’ ಎಂದು ಎದ್ದು ಹೋದಂತೆ.

ಪುಟ್ಟಣ್ಣ ಕಣಗಾಲರ ‘ಶರಪಂಜರ’ 1971ರ ಸಿನಿಮಾ. ದೊಡ್ಡ ಊರುಗಳಲ್ಲೆಲ್ಲ ಓಡಿ ನಮ್ಮೂರಿಗೆ ಬರುವಾಗ ಮಾರನೆಯ ವರ್ಷವಾಗಿತ್ತು. ನನಗಾಗ ಹನ್ನೊಂದು. ಕಥೆ ನಿಮಗೆ ಗೊತ್ತಿರುತ್ತದೆ. ಕಲ್ಪನಾ ಮಾಡಿದ ಕಾವೇರಿ ಪಾತ್ರ, ಗಂಗಾಧರ್ ಮಾಡಿದ ಗಂಡ ಸತೀಶ. ಪ್ರೀತಿಸಿ ಮದುವೆಯಾದ ಸಂಸಾರ. ಎರಡನೆಯ ಹೆರಿಗೆಯಾದ ಮೇಲೆ ಕಾವೇರಿಗೆ ಬುದ್ಧಿ ಕೆಡುತ್ತದೆ, ಆಸ್ಪತ್ರೆ ಸೇರುತ್ತಾಳೆ. ಗುಣವಾಗಿ ಮನೆಗೆ ಬಂದರೆ ಮನೆ ಅವಳದಾಗಿ ಉಳಿದಿಲ್ಲ. ಗಂಡನ ಮನಸ್ಸು ಬೇರೆಡೆಗೆ ಹೋಗಿದೆ, ಊರಿನವರ ಕಣ್ಣಲ್ಲಿ ಅವಳು ಯಾವತ್ತಿಗೂ ಹುಚ್ಚಿ. ಕೊನೆಗೆ ಅವರೆಲ್ಲ ಸೇರಿ ಅವಳನ್ನು ಮತ್ತೆ ಅದೇ ಆಸ್ಪತ್ರೆಗೆ ತಲುಪಿಸುತ್ತಾರೆ. ಕಾದಂಬರಿ ಬರೆದ ತ್ರಿವೇಣಿ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡರು. ತಮ್ಮ ಕಾದಂಬರಿ ತೆರೆಯ ಮೇಲೆ ಬಂದದ್ದನ್ನು ಅವರು ನೋಡಲಿಲ್ಲ.

ಸಿನಿಮಾ ಬಂದ ಆ ವರ್ಷವೇ ನಮ್ಮ ದೊಡ್ಡಪ್ಪನ ಮನೆಯಲ್ಲಿ ಅತ್ತಿಗೆಗೆ ಎರಡನೆಯ ಹೆರಿಗೆಯಾಗಿತ್ತು. ಹೆರಿಗೆಯಾದ ಎರಡನೆಯ ವಾರ ಅವರು ನಿದ್ದೆ ಬಿಟ್ಟರು. ಯಾರೋ ಕರೆಯುತ್ತಿದ್ದಾರೆ ಎಂದು ರಾತ್ರಿ ಎದ್ದು ಕೂರುತ್ತಿದ್ದರು. ಮಗು ತನ್ನದಲ್ಲ ಎಂದರು. ‘ಬಾಣಂತಿ ಸನ್ನಿ’ ಎಂದು ದೊಡ್ಡವರು ಪಿಸುಗುಟ್ಟಿದರು. ಸಾವಿರ ಬಾಣಂತಿಯರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ ಇದು, ಔಷಧ ಮಾಡಿದರೆ ಗುಣವಾಗುತ್ತದೆ ಎಂದು ಈಗ ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಅತ್ತಿಗೆಗೂ ಗುಣವಾಯಿತು. ಎರಡೂವರೆ ತಿಂಗಳು ಆಸ್ಪತ್ರೆಯಲ್ಲಿದ್ದು, ಸ್ವಲ್ಪ ಊದಿಕೊಂಡು, ಮೆಲ್ಲಗೆ ಮಾತಾಡುತ್ತ ಮನೆಗೆ ಬಂದರು.

ಆಗ ಮಗುವನ್ನು ಎತ್ತಿಕೊಂಡು ಆಡಿಸುವ ಕೆಲಸ ನನ್ನದು. ‘ಅವಳ ಕೈಗೆ ಮಾತ್ರ ಕೊಡಬೇಡ’ ಎಂದು ದೊಡ್ಡಮ್ಮ ಹೇಳಿದ್ದರು. ಅತ್ತಿಗೆ ಜಗಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ನಾನು ಮಗುವನ್ನು ಎತ್ತಿಕೊಂಡು ಮುಂದೆ ಹಾದರೆ ಎರಡು ಕೈ ಚಾಚುತ್ತಿದ್ದರು. ನಾನು ಮಗುವನ್ನು ಆ ಕಡೆಯ ಹೆಗಲಿಗೆ ಬದಲಾಯಿಸಿಕೊಳ್ಳುತ್ತಿದ್ದೆ. ಅವರು ಕೈಯನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಒಂದು ದಿನವೂ ಜೋರು ಮಾಡಲಿಲ್ಲ.

ಅಂಥದರಲ್ಲಿ ‘ಶರಪಂಜರ’ ಬಂತು. ಮನೆಯ ಹೆಂಗಸರೆಲ್ಲ ಮ್ಯಾಟ್ನಿಗೆ ಹೊರಟರು. ದೊಡ್ಡಮ್ಮ, ಅಮ್ಮ, ಚಿಕ್ಕಮ್ಮ, ಇಬ್ಬರು ಅಕ್ಕಂದಿರು, ಕಂಕುಳಲ್ಲಿ ಮಗುವಿನ ಜೊತೆ ನಾನು. ‘ಅವಳಿಗೆ ಇಂಥ ಸಿನಿಮಾ ಬೇಡ’ ಎಂದು ಅತ್ತಿಗೆಯನ್ನು ಬಿಟ್ಟು ಹೋದೆವು. ಟಾಕೀಸಿನಲ್ಲಿ ಹೆಂಗಸರ ಕಡೆಯ ಬೆಂಚುಗಳಲ್ಲಿ ಅಳದವರೇ ಇರಲಿಲ್ಲ. ದೊಡ್ಡಮ್ಮ ಬಿಕ್ಕಿ ಬಿಕ್ಕಿ ಅತ್ತರು. ದಾರಿಯುದ್ದಕ್ಕೂ ‘ಪಾಪ, ಆ ಕಾವೇರಿ. ಆ ಗಂಡನಿಗೆ ಹೃದಯವೇ ಇಲ್ಲ, ಆ ಜನಕ್ಕೆ ಕರುಣೆಯೇ ಇಲ್ಲ’ ಎಂದರು. ಕಲ್ಪನಾಳ ಅಭಿನಯವನ್ನು ಹೊಗಳಿದ್ದೇ ಹೊಗಳಿದ್ದು.

ಮನೆ ಸೇರುವಾಗ ಸಂಜೆ. ಬಂದವರು ದಣಿದಿರುತ್ತಾರೆ ಎಂದು ಅತ್ತಿಗೆ ಕಾಫಿ ಮಾಡಿ, ಲೋಟಗಳನ್ನು ಸಾಲಾಗಿ ಜೋಡಿಸಿ, ಮೇಲೆ ತಟ್ಟೆ ಮುಚ್ಚಿ ಇಟ್ಟಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಒಲೆಯ ಮುಂದೆ ಹೋದದ್ದು ಅದೇ ಮೊದಲು. ದೊಡ್ಡಮ್ಮ ತಟ್ಟೆ ತೆಗೆದು ನೋಡಿದರು. ಏನೂ ಮಾತಾಡದೆ ಆ ಕಾಫಿಯನ್ನೆಲ್ಲ ಹಿತ್ತಲಿಗೆ ಒಯ್ದು ಬಾಳೆಯ ಬುಡಕ್ಕೆ ಚೆಲ್ಲಿ, ಹೊಸದಾಗಿ ಹಾಲು ಕಾಯಿಸಿದರು. ‘ಏನು ಹಾಕಿದಾಳೋ ಯಾರಿಗೆ ಗೊತ್ತು’ ಎಂದು ಅಮ್ಮನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಅವರ ಕಣ್ಣು ಇನ್ನೂ ಕೆಂಪಗಿತ್ತು. ಕಾವೇರಿಗಾಗಿ ಅತ್ತ ಕಣ್ಣು ಅದು.

ದೊಡ್ಡಮ್ಮ ಕೆಟ್ಟವರಲ್ಲ. ನಾಲ್ಕು ಮನೆಯ ಬಾಣಂತನ ಮಾಡಿದ ಕೈ ಅವರದು. ಅವರ ಅಳು ನಾಟಕವೂ ಅಲ್ಲ. ಆದರೆ ತೆರೆಯ ಮೇಲಿನ ಕಾವೇರಿಯನ್ನೂ ಮನೆಯ ಕಂಬಕ್ಕೆ ಒರಗಿದ ಸೊಸೆಯನ್ನೂ ಅವರು ಒಂದು ಮಾಡಲಿಲ್ಲ. ಕಾವೇರಿಯ ಸುತ್ತ ಇರುವ ‘ಕರುಣೆ ಇಲ್ಲದ ಜನ’ ಎಂದರೆ ಯಾರು ಎಂದು ನಮ್ಮಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ‘ಎಷ್ಟು ಚೆನ್ನಾಗಿ ಮಾಡಿದ್ದಾಳೆ’ ಎಂದು ಕಲ್ಪನಾಳನ್ನು ಹೊಗಳುವುದರಲ್ಲೇ ಕಾವೇರಿಯ ಮಾತು ಮುಗಿದುಹೋಯಿತು. ಅಭಿನಯದ ಹೊಗಳಿಕೆಗೆ ಇಂಥದೊಂದು ಉಪಯೋಗವೂ ಇದೆ. ಕಥೆ ನಮ್ಮ ಹತ್ತಿರ ಬರುತ್ತಿರುವಾಗ ಅದನ್ನು ಹೊಸ್ತಿಲಾಚೆಯೇ ನಿಲ್ಲಿಸಬಹುದು.

ಐವತ್ತು ವರ್ಷಕ್ಕೂ ಹೆಚ್ಚಾಯಿತು. ದೊಡ್ಡಮ್ಮ ಇಲ್ಲ. ಆ ಮಗು ಈಗ ಐವತ್ತು ದಾಟಿದ ಗಂಡಸು. ಅತ್ತಿಗೆಗೆ ಆ ಕಾಯಿಲೆ ಮತ್ತೆ ಬರಲೇ ಇಲ್ಲ. ಸಂಸಾರ ಮಾಡಿದರು, ಮಕ್ಕಳ ಮದುವೆ ಮಾಡಿದರು, ಮೊಮ್ಮಕ್ಕಳ ಬಾಣಂತನ ಮಾಡಿದರು. ಹೋದ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದು ಒಂದು ವಾರ ಇದ್ದರು. ಒಂದು ಮಧ್ಯಾಹ್ನ ಟಿವಿಯಲ್ಲಿ ‘ಶರಪಂಜರ’ ಬಂತು. ಬದಲಾಯಿಸಲು ರಿಮೋಟಿಗೆ ಕೈ ಹಾಕಿದೆ. ‘ಇರಲಿ ಬಿಡೇ’ ಎಂದರು. ಪೂರ್ತಿ ನೋಡಿದರು. ಅಳಲಿಲ್ಲ. ಮುಗಿದ ಮೇಲೆ ಕೇಳಿದರು: ‘ಅವತ್ತು ನೀವೆಲ್ಲ ಹೋಗಿದ್ದು ಇದಕ್ಕೇ ಅಲ್ವಾ?’

‘ಹೌದು ಅತ್ತಿಗೆ’ ಎಂದೆ.

‘ಚೆನ್ನಾಗಿದೆ’ ಎಂದರು.

ನಾನು ಮತ್ತೇನೂ ಕೇಳಲಿಲ್ಲ. ಎರಡು ದಿನ ಕಳೆಯಿತು. ಹಿತ್ತಲಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದೆವು. ಅತ್ತಿಗೆ ತಲೆ ಎತ್ತದೆ ಹೇಳಿದರು: ‘ಅವಳು ಕೂಗುವಾಗ ಎಲ್ಲರೂ ನೋಡ್ತಾರೆ. ಕೂಗೋದಕ್ಕಿಂತ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ಲು, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ನನಗೆ ಅದೇ ಕಂಡಿದ್ದು.’

ಆ ಸಿನಿಮಾದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ. ‘ಶರಪಂಜರ’ ಎಂದರೆ ನಮಗೆ ನೆನಪಿರುವುದು ಕಲ್ಪನಾಳ ಕೂಗು, ಕೆದರಿದ ಕೂದಲು, ಅಗಲವಾದ ಕಣ್ಣು. ಮಿಮಿಕ್ರಿ ಮಾಡುವವರು ಹಿಡಿದದ್ದೂ ಅದನ್ನೇ. ಎಷ್ಟು ಶಾಲೆ ಕಾಲೇಜುಗಳ ವೇದಿಕೆಯಲ್ಲಿ ಅದನ್ನು ಮಾಡಿ ಜನರನ್ನು ನಗಿಸಿದ್ದಾರೋ ಲೆಕ್ಕವಿಲ್ಲ. ಅಳಿಸಿದ ಸಿನಿಮಾ ಕೊನೆಗೆ ನಗೆಯ ಸರಕಾಯಿತು. ಇದರಲ್ಲಿ ಪುಟ್ಟಣ್ಣನವರದೂ ಸ್ವಲ್ಪ ಪಾಲಿದೆ ಎಂದು ನನಗೆ ಅನ್ನಿಸುತ್ತದೆ. ಭಾವ ಉಕ್ಕುವ ಜಾಗದಲ್ಲಿ ಅವರು ಇನ್ನಷ್ಟು ಉರಿ ಹಾಕುವವರು. ಆದರೆ ಅತ್ತಿಗೆಯ ಮಾತು ಕೇಳಿದ ಮೇಲೆ ಆ ಸಿನಿಮಾವನ್ನು ನಾನು ಮತ್ತೊಮ್ಮೆ ಹಾಕಿಕೊಂಡು ನೋಡಿದೆ, ಈ ಸಲ ಕೂಗಿಗೆ ಕಾಯದೆ. ಆಸ್ಪತ್ರೆಯಿಂದ ಬಂದ ಕಾವೇರಿ ತನ್ನ ಮನೆಯಲ್ಲೇ ನೆಂಟಳ ಹಾಗೆ ಓಡಾಡುತ್ತಾಳೆ. ಎದುರಿನವರ ಮುಖ ನೋಡಿ, ಅಳೆದು ಮಾತಾಡುತ್ತಾಳೆ. ನಕ್ಕರೆ ಹೆಚ್ಚಾಯಿತೋ, ಸುಮ್ಮನಿದ್ದರೆ ಅನುಮಾನ ಪಡುತ್ತಾರೋ ಎಂಬ ಭಯ ಅವಳ ನಡಿಗೆಯಲ್ಲೇ ಇದೆ. ಕಲ್ಪನಾ ಅದನ್ನೂ ಮಾಡಿದ್ದರು. ನಾವು ನೋಡಿರಲಿಲ್ಲ ಅಷ್ಟೆ.

ಇದನ್ನು ಕಾಣಲು ಅತ್ತಿಗೆಗೆ ಯಾವ ಸಿನಿಮಾ ಶಾಸ್ತ್ರವೂ ಬೇಕಾಗಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತ ದಿನಗಳೇ ಸಾಕಾದವು. ಸಾಮಾನ್ಯ ಪ್ರೇಕ್ಷಕರ ಅಭಿಪ್ರಾಯ ಎಂದು ಪತ್ರಿಕೆಯವರು ಹಗುರವಾಗಿ ತಳ್ಳಿಹಾಕುವ ಮಾತಿನೊಳಗೆ ಇಂಥವು ಸೇರಿಕೊಂಡಿರುತ್ತವೆ. ಟಾಕೀಸಿನ ಬಾಗಿಲಲ್ಲಿ ಮೈಕು ಹಿಡಿದು ‘ಹೇಗಿತ್ತು ಮೇಡಂ?’ ಎಂದು ಕೇಳುವವರಿಗೆ ಇವು ಸಿಕ್ಕುವುದಿಲ್ಲ. ಅಲ್ಲಿ ಎಲ್ಲರೂ ಸೂಪರ್ ಎಂದು ಕೈ ಎತ್ತುತ್ತಾರೆ.

ಅವತ್ತು ಹಲಸಿನ ಬೀಜದ ಮುಂದೆ ನಾನೂ ಒಂದು ಮಾತು ಹೇಳಿದೆ. ‘ಅತ್ತಿಗೆ, ಮಗು ಕೊಡದೆ ಹೆಗಲು ಬದಲಾಯಿಸ್ತಿದ್ದೆ, ನೆನಪಿದೆಯಾ?’ ಎಂದೆ. ಅವರು ಸಿಪ್ಪೆ ತೆಗೆದ ಬೀಜವನ್ನು ಪಾತ್ರೆಗೆ ಹಾಕಿ, ‘ನೀನು ಸಣ್ಣವಳು’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ನೆನಪಿದೆ’ ಎಂದರು.

ಕಾಫಿಯ ಸಂಗತಿಯನ್ನು ನಾನು ಎತ್ತಲಿಲ್ಲ. ಬಾಳೆಯ ಬುಡಕ್ಕೆ ಚೆಲ್ಲಿದ್ದು ಅವರಿಗೆ ಅವತ್ತೇ ಗೊತ್ತಾಗಿತ್ತೋ ಇಲ್ಲವೋ. ಸಂಜೆ ಅವರೇ ಎದ್ದು ಡಿಕಾಕ್ಷನ್ ಹಾಕಿದರು, ಇಬ್ಬರೂ ಕುಡಿದೆವು. ಲೋಟ ತೊಳೆಯುತ್ತ, ‘ಆ ಅಡಿಗೆಮನೆ ಸಿನಿಮಾ ಅಂತಿದ್ಯಲ್ಲ, ನಾಳೆ ಅದನ್ನ ಹಾಕೇ, ನೋಡೋಣ’ ಎಂದರು. ಹಾಕಿದೆ. ನೋಡಿದ ಮೇಲೆ ‘ಪರವಾಗಿಲ್ಲ’ ಎಂದರು. ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೆ ಊರಿಗೆ ಹೋದರು. ಎರಡು ದಿನ ಕಳೆದ ಮೇಲೆ ಅವರಿಗೆ ಏನು ಅನ್ನಿಸಿತೋ, ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಬರುವ ಮಾತಲ್ಲ ಅದು. ಮುಂದಿನ ಸಲ ಬಂದಾಗ ತಾನಾಗಿ ಬರಲಿ ಎಂದು ಕಾಯುತ್ತಿದ್ದೇನೆ.